ಗ್ರಾಂಟ್ ಮನೆ ನಾಲ್ಕು, ಒಂದೇ ಸಲ ಕಟ್ಟಿದ್ದು

ಬಡವರ ಮನೆಗೆ ಸರ್ಕಾರ ಕೊಡುವ ಗ್ರಾಂಟಿನ ದುಡ್ಡಲ್ಲಿ ಮನೆ ಮುಗಿಯುವುದಿಲ್ಲ, ಬಾಗಿಲು-ಕಿಟಕಿ ಮೇಲಿನ ತೊಲೆಯ ಮಟ್ಟ, ಅಂದರೆ ಲಿಂಟಲ್‌ಗೆ ಬಂದು ನಿಲ್ಲುತ್ತದೆ ಅಂತ ಕುಮಟಾ ಕಡೆಯ ಮೇಸ್ತ್ರಿಗಳೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ, ಒಂದೊಂದೇ ಮನೆ ಹಿಡಿದಾಗ ನಾನು ಕಟ್ಟಿದ್ದೂ ನಿಂತಿತ್ತು. ಈಗ ಒಂದೇ ಕೇರಿಯ ನಾಲ್ಕು ಮನೆ ಒಟ್ಟಿಗೆ ಮುಗಿಸಿದ್ದೇನೆ. ಆಗ ನಕ್ಕವರೇ ಫೋನ್ ಮಾಡಿ "ಹೆಂಗೆ ಮಾಡ್ದೆ ಮಾರಾಯ" ಅಂತಾರೆ.

2024-25ರ ಲೆಕ್ಕ ಹೀಗಿತ್ತು. ಪ್ರಧಾನಮಂತ್ರಿ ಆವಾಸ್‌ನಲ್ಲಿ 1.20 ಲಕ್ಷ, ಪಾಯಖಾನೆಗೆ 12 ಸಾವಿರ, ಉದ್ಯೋಗ ಖಾತರಿಯಲ್ಲಿ 90 ದಿನದ ಕೂಲಿ. ಕೂಲಿ ದಿನಕ್ಕೆ 349 ಇತ್ತು, ಅಂದರೆ 31 ಸಾವಿರ ಚಿಲ್ಲರೆ. ಎಲ್ಲ ಸೇರಿದರೂ 1.64 ಲಕ್ಷ ದಾಟುತ್ತಿರಲಿಲ್ಲ. 25 ಚದರ ಮೀಟರ್ ಮನೆಗೆ ಎಷ್ಟು ಹಿಡಿದು ಕಟ್ಟಿದರೂ ನನಗೆ 2.30 ಲಕ್ಷದ ಆಸುಪಾಸು ಬಿತ್ತು. ಉಳಿದದ್ದನ್ನು ಮನೆಯ ಹೆಂಗಸರು ಸಂಘದ ಸಾಲ ತೆಗೆದು ಹಾಕಿದರು.

ಆದರೆ ಮನೆ ನಿಲ್ಲುವುದು ದುಡ್ಡು ಕಡಿಮೆ ಅಂತ ಅಲ್ಲ, ತಡ ಅಂತ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ, ಹೀಗೆ ನಾಲ್ಕು ಕಂತು. ಪ್ರತಿ ಸಲ ಜಿಪಿಎಸ್ ಫೋಟೋ ಆಗಬೇಕು, ಆಮೇಲೆ ಬಿಲ್ಲು. ಹಿಂದೆ ಒಂದು ಮನೆಯ ಲಿಂಟಲ್ ಬಿಲ್ಲಿಗೆ ಕಾದು ಕಾದು ಜೂನ್ ಬಂದೇ ಬಿಟ್ಟಿತು. ಗೋಡೆ ಮೇಲೆ ತೆಂಗಿನ ಗರಿ ಹೆಣೆದ ಮಡ್ಲು ಹೊದೆಸಿದ್ದೆವು. ಗಾಳಿಗೆ ಅದು ಹಾರಿ ಹೋಗಿ, ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಸಂದಿಯ ಮಣ್ಣೆಲ್ಲ ಕೆಂಪು ನೀರಾಗಿ ಮೆಟ್ಟಿಲ ಮೇಲೆ ಹರಿಯಿತು. ಮೇಲಿನ ಎರಡು ವರಸೆ ಬಿಚ್ಚಿ ಮತ್ತೆ ಕಟ್ಟಬೇಕಾಯ್ತು, ಆ ಖರ್ಚನ್ನು ಯಾರು ಕೊಡ್ತಾರೆ?

ಇನ್ನೊಂದು ಮನೆಯಲ್ಲಿ ಕಂತು ಬಿದ್ದಿದೆ ಅಂತ ಪಂಚಾಯಿತಿ ಹೇಳುತ್ತದೆ, ಪಾಸ್‌ಬುಕ್ಕಿನಲ್ಲಿ ಇಲ್ಲ. ಕೊನೆಗೆ ನೋಡಿದರೆ ಆ ಅಮ್ಮ ಎಂದೋ ತೆರೆದು ಮರೆತ ಬೇರೆ ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿತ್ತು, ದುಡ್ಡು ಅಲ್ಲಿ ಕೂತಿತ್ತು. ಈಗ ನಾನು ಪಾಯ ತೋಡುವ ಮೊದಲೇ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಅಂತ ನೋಡಿಸುತ್ತೇನೆ.

ನಾಲ್ಕು ಮನೆ ಒಟ್ಟಿಗೆ ಹಿಡಿದಾಗ ಮಾಡಿದ್ದು ಇಷ್ಟೇ. ಮಳೆಗಾಲ ಮುಗಿದ ಕೂಡಲೇ, ಕಾಮಗಾರಿ ಆದೇಶ ಕೈಗೆ ಬಂದ ಮೇಲೆ, ನಾಲ್ಕಕ್ಕೂ ಒಂದೇ ವಾರದಲ್ಲಿ ಪಾಯ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಒಂದು ಸಲ ಬಂದರೆ ನಾಲ್ಕು ಫೋಟೋ ಆಗುತ್ತದೆ. ಕಾಂಕ್ರೀಟ್ ಎರೆಯುವ ಸೆಂಟ್ರಿಂಗ್ ಹಲಗೆ ಒಂದೇ ಸೆಟ್ ಮನೆಯಿಂದ ಮನೆಗೆ ಹೋಯಿತು. ಕಲ್ಲು ಮನೆಗೆ ಸಾವಿರದ ಚಿಲ್ಲರೆ ಬೇಕು. ಬಿಡಿ ತಂದರೆ ಒಂದಕ್ಕೆ 45ರ ಮೇಲೆ, ಕಲ್ಲು ತೆಗೆಯುವ ಪಣೆಯಿಂದಲೇ ಲಾರಿಗಟ್ಟಲೆ ತರಿಸಿದ್ದಕ್ಕೆ 38ರ ಹತ್ತಿರ ಬಿತ್ತು. ಕಲ್ಲಿನವ ಅರ್ಧ ದುಡ್ಡಿಗೆ ಎರಡು ತಿಂಗಳು ಕಾದ. ಅವನನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ.

ನಾಲ್ಕು ಮನೆಯವರೂ ಒಂದು ಮಾತಿಗೆ ಒಪ್ಪಿದ್ದರು: ಯಾರ ಕಂತು ಮೊದಲು ಬರುತ್ತದೋ ಅವರು ಬಾರದವರಿಗೆ ಸಿಮೆಂಟಿಗೆ ಕೈಗಡ ಕೊಡಬೇಕು, ಅವರದು ಬಂದ ದಿನವೇ ವಾಪಸ್. ಲೆಕ್ಕದ ಪುಸ್ತಕ ಬರೆದದ್ದು ಸಂಘದ ಇಬ್ಬರು ಹೆಂಗಸರು, ನಾನಲ್ಲ. ಹಾಗಾಗಿಯೇ ಜಗಳ ಆಗಲಿಲ್ಲ ಅಂತ ನನ್ನ ಅಂದಾಜು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಮರಳು ಸಿಗಲಿಲ್ಲ, ಸಿಕ್ಕರೂ ರೇಟು ಕೇಳುವ ಹಾಗಿಲ್ಲ. ಕಲ್ಲು ಕೆತ್ತಿದ ಪುಡಿಯನ್ನೇ ಜರಡಿ ಹಿಡಿದು ಸಿಮೆಂಟಿಗೆ ಬೆರೆಸಿದೆ. ಒಳಗೋಡೆ ಕಟ್ಟಲಿಕ್ಕೆ ಅಡ್ಡಿಯಿಲ್ಲ, ಪ್ಲಾಸ್ಟರಿಗೆ ಬೇಡವೇ ಬೇಡ, ಹದಿನೈದು ದಿನಕ್ಕೆ ಬಿರುಕು. ಛಾವಣಿಗೆ ಕೆಡವಿದ ಮನೆಗಳ ಹಳೇ ಮಂಗಳೂರು ಹಂಚು ತಂದು ತೊಳೆದು ಹಾಕಿದೆ. ಹಂಚು ಹೊರುವ ಪಕಾಸಿಗೆ ಮರದ ಬದಲು ಕಬ್ಬಿಣದ ಪೈಪು. ಮನೆಗೆ 15 ಸಾವಿರವಾದರೂ ಉಳಿದಿರಬೇಕು. ಹಂಚು ಎಲ್ಲಿ ಸಿಕ್ಕಿತು ಅಂತ ಹೇಳಲ್ಲ, ಹೇಳಿದರೆ ನಾಳೆಯೇ ರೇಟ್ ಏರುತ್ತದೆ. ಮಂಗನ ಕಾಟ ಇರುವಲ್ಲಿ ಮಾತ್ರ ಹಂಚಿನ ಆಸೆ ಬಿಡಿ, ಶೀಟೇ ವಾಸಿ.

ಜಾಗದ ಕಾಗದ ಇಲ್ಲದವರ ಮನೆ ಹಿಡಿಯಬೇಡಿ. ಕಂದಾಯ ಜಾಗವಾದರೆ 94ಸಿ ಅರ್ಜಿಯಲ್ಲಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಸುವ ಅರ್ಜಿ) ಏನಾದರೂ ದಾರಿ ಇರುತ್ತದೆ, ಅರಣ್ಯ ಅತಿಕ್ರಮಣವಾದರೆ ಅದೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥವರೇ ಜಾಸ್ತಿ ಅಲ್ವಾ? ಐದನೆಯ ಮನೆ ಹಾಗೆಯೇ ಬಿಟ್ಟುಹೋಯಿತು, ಬೇಜಾರಿದೆ.

ಮೂರು ಮನೆಯ ಕೊನೆ ಕಂತು ಬಂತು. ಒಂದರದು ಇನ್ನೂ ಬಾಕಿ, ಪಾಯಖಾನೆಯ ಫೋಟೋ ಮಸುಕಾಗಿದೆಯಂತೆ. ಸೋಮವಾರ ಮತ್ತೆ ತೆಗೆಸಬೇಕು.