ಕೊಳಲು ಶಾರ್ಪ್, ಕೃಷ್ಣ ಮಸುಕು!

ಅಷ್ಟಮಿ ಬಂತೆಂದರೆ ಉಡುಪಿ, ಮಂಗಳೂರಿನಲ್ಲಿ ಮಕ್ಕಳ ಮುದ್ದುಕೃಷ್ಣ ವೇಷದ ಸ್ಪರ್ಧೆಗಳದ್ದೇ ಗೌಜಿ. ವೇದಿಕೆಯ ಮುಂದೆ ಮಕ್ಕಳಿಗಿಂತ ಮೊಬೈಲ್‌ಗಳೇ ಜಾಸ್ತಿ. ಆಮೇಲೆ ಆ ಫೋಟೊಗಳನ್ನು ನನಗೆ ತೋರಿಸುತ್ತಾರೆ. ಕೊಳಲಿನ ತೂತು ಎಣಿಸಬಹುದು, ಅಂಗೈಯಲ್ಲಿರುವ ಬೆಣ್ಣೆಯೂ ಹೊಳೆಯುತ್ತದೆ. ಮಗುವಿನ ಕಣ್ಣು ಮಾತ್ರ ಮಂಜು ಮಂಜು. "ಕ್ಯಾಮೆರಾ ಸರಿಯಿಲ್ಲ, ಹೊಸದು ತಗೋಬೇಕು" ಅನ್ನುತ್ತಾರೆ. ಬೇಡ ಮಾರಾಯ್ರೆ, ಇರುವುದರಲ್ಲೇ ಆಗುತ್ತದೆ.

ಹಂತ 1: ಲೆನ್ಸ್ ಒರೆಸಿ

ಮಗುವಿನ ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲೇ ಮೊಬೈಲ್ ಹಿಡಿದಿರುತ್ತೀರಿ, ಅಲ್ವಾ? ಮೆತ್ತಗಿನ ಬಟ್ಟೆಯಲ್ಲಿ ಒಮ್ಮೆ ಒರೆಸಿ. ನಮ್ಮ ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ಇದೆ. ಎಸಿ ಕಾರಿನಿಂದ ಮಲ್ಪೆ ಬೀಚಿಗೆ ಇಳಿದ ಕೂಡಲೇ ತಣ್ಣಗಿನ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಕ್ಯಾಮೆರಾವನ್ನು 15–20 ನಿಮಿಷ ಬ್ಯಾಗಿನೊಳಗೇ ಬಿಡಿ.

ಹಂತ 2: ಕೂತುಕೊಳ್ಳಿ

ಮಗುವಿನ ಕಣ್ಣಿನ ಎತ್ತರಕ್ಕೆ. ಅಷ್ಟೇ.

ಹಂತ 3: ಫೋಕಸ್

ಎಲ್ಲರೂ ಎಡವುವುದು ಇಲ್ಲೇ. ನೀವು ಸುಮ್ನೆ ಬಟನ್ ಒತ್ತಿದರೆ ಎಲ್ಲಿಗೆ ಫೋಕಸ್ ಮಾಡಬೇಕೆಂದು ಕ್ಯಾಮೆರಾವೇ ತೀರ್ಮಾನಿಸುತ್ತದೆ. ಎಷ್ಟೋ ಸಲ ಅದು ಹಿಡಿಯುವುದು ಎದುರಿಗೆ ಇರುವುದನ್ನು. ಮುದ್ದುಕೃಷ್ಣನ ವಿಷಯದಲ್ಲಿ ಅದು ಕೊಳಲು, ಇಲ್ಲವೇ ಚಾಚಿದ ಕೈ. ಈ ತೀರ್ಮಾನವನ್ನು ಅದಕ್ಕೆ ಬಿಡಬೇಡಿ. ಫೋಕಸ್ ಕಣ್ಣಿಗೇ ಇರಬೇಕು. ಮಗು ಓರೆಯಾಗಿ ನಿಂತಿದ್ದರೆ ನಿಮಗೆ ಹತ್ತಿರ ಇರುವ ಕಣ್ಣಿಗೆ.

ಹೊಸ ಮಿರರ್‌ಲೆಸ್ ಕ್ಯಾಮೆರಾ ಆದರೆ ಕಣ್ಣು ಗುರುತಿಸುವ ಸೆಟ್ಟಿಂಗ್ ಆನ್ ಮಾಡಿ. ಹಳೆಯ ಡಿಎಸ್‌ಎಲ್‌ಆರ್ ಆದರೆ ಒಂದೇ ಚೌಕದಲ್ಲಿ ಫೋಕಸ್ ಮಾಡುವ ಸಿಂಗಲ್ ಪಾಯಿಂಟ್ ಇಟ್ಟು, ಆ ಪುಟ್ಟ ಚೌಕವನ್ನೇ ಸರಿಸಿ ಕಣ್ಣಿನ ಮೇಲೆ ತನ್ನಿ. ನಡುವಿನ ಚೌಕದಲ್ಲಿ ಫೋಕಸ್ ಹಿಡಿದು, ಆಮೇಲೆ ಕ್ಯಾಮೆರಾ ತಿರುಗಿಸುವ ಶಾರ್ಟ್‌ಕಟ್ ಒಂದಿದೆ. ಜಗಲಿಯಲ್ಲಿ ಕೂತ ಅಜ್ಜನಿಗೆ ಅದು ಸಾಕು. ನೀವು ತಿರುಗಿಸುವಷ್ಟರಲ್ಲಿ ಮಗು ಅಂಗಳಕ್ಕೆ ಹಾರಿರುತ್ತದೆ.

ಹಾಗಾಗಿ ಬಿಡದೆ ಹಿಂಬಾಲಿಸುವ ಫೋಕಸ್ ಬೇಕು. ನಿಕಾನ್, ಸೋನಿಯಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಸರ್ವೊ. ಬಟನ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಅದು ಮಗುವಿನ ಹಿಂದೆಯೇ ಇರುತ್ತದೆ.

ಇನ್ನು ಎಫ್ 1.8ರ ಹುಚ್ಚು. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ. 50 ಎಂಎಂ ಲೆನ್ಸ್, 1 ಮೀಟರ್ ದೂರ ಅಂದರೆ ಸ್ಪಷ್ಟವಾಗಿ ಬರುವ ಆಳ ಬರೀ 3–4 ಸೆಂಟಿಮೀಟರ್. ಮಗು ಒಂಚೂರು ವಾಲಿದರೂ ಕಣ್ಣು ಹೋಯಿತು, ಕಿವಿ ಬಂತು! ಎಫ್ 4ಕ್ಕೆ ಬನ್ನಿ, ಮಗುವಿನಿಂದ 2 ಮೀಟರ್ ದೂರಕ್ಕೆ ಸರಿಯಿರಿ. ಆಗ ಒಂದು ಗೇಣಿಗಿಂತ ಜಾಸ್ತಿ ಆಳ ಸಿಗುತ್ತದೆ. ಹಿನ್ನೆಲೆ ಅಷ್ಟು ಮಸುಕಾಗಲಿಲ್ಲ ಎಂದು ಯಾವ ಅಜ್ಜಿಯೂ ಗೊಣಗಿದ್ದನ್ನು ನಾನು ಕೇಳಿಲ್ಲ.

ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಡಿ. ಒತ್ತಿ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಫೋಕಸ್ ಲಾಕ್ ಆಗುತ್ತದೆ. ಓಡುವ ಮಗುವಿಗೆ ಲಾಕ್ ಮಾಡಿದರೆ ಪ್ರಯೋಜನವಿಲ್ಲ, ಮಗು ಬರುವ ಜಾಗಕ್ಕೆ ಮಾಡಿ. ಕದ್ರಿ ಪಾರ್ಕಿನಲ್ಲಿ ನಾನು ಜಾರುಬಂಡಿಯ ಕೆಳತುದಿಗೆ ಲಾಕ್ ಮಾಡಿ ಕಾಯುತ್ತೇನೆ. ಮಗು ಹೇಗಿದ್ದರೂ ಅಲ್ಲಿಗೇ ಬಂದು ಬೀಳಬೇಕು. ಹಿನ್ನೆಲೆಯನ್ನು ತಾನೇ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಅರ್ಧ ನವಿಲುಗರಿಯನ್ನೇ ನುಂಗುತ್ತದೆ. ಹಾಗೆಯೇ ಮೊಬೈಲಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಲೆನ್ಸ್. ನಾನೂ ಒಂದು ತಗೊಂಡೆ. ಫೋಟೊದ ಅಂಚೆಲ್ಲ ಗಂಜಿಯ ಹಾಗೆ ಕಲಸಿಹೋಯಿತು. ಈಗ ಅದು ಮಗಳ ಅಡುಗೆ ಆಟದ ಡಬ್ಬಿಯಲ್ಲಿದೆ.

ಹಂತ 4: ಶಟರ್

ಮಸುಕಿಗೆಲ್ಲ ಫೋಕಸ್ಸೇ ಕಾರಣವಲ್ಲ. ಫೋಟೊ ದೊಡ್ಡದು ಮಾಡಿ ನೋಡಿ. ಮಗು ಮಸುಕಾಗಿ ಹಿಂದಿನ ಬ್ಯಾನರ್ ಸ್ಪಷ್ಟವಾಗಿ, ಓದುವ ಹಾಗಿದ್ದರೆ ಫೋಕಸ್ ತಪ್ಪಿದೆ. ಕೈಕಾಲು ಮಾತ್ರ ಎಳೆದಂತಿದ್ದರೆ ಶಟರ್, ಅಂದರೆ ಬೆಳಕು ಒಳಬಿಡುವ ಬಾಗಿಲು, ನಿಧಾನವಾಗಿದೆ. ಆಡುವ ಮಗುವಿಗೆ 1/250 ಸೆಕೆಂಡ್, ಓಡುವ ಮಗುವಿಗೆ 1/500. ಮಳೆಗಾಲದ ಹಂಚಿನ ಮನೆಯೊಳಗೆ ಬೆಳಕು ಸಾಲದಿದ್ದರೆ, ಕಡಿಮೆ ಬೆಳಕಲ್ಲೂ ಫೋಟೊ ಬೆಳಗಿಸುವ ಐಎಸ್‌ಒ 3200ಕ್ಕೆ ಏರಿಸಿ, ಹೆದರಬೇಡಿ. ಫ್ಲ್ಯಾಶ್ ಹಾಕಬೇಡಿ. ಮಗು ಕಣ್ಣು ಕಿವುಚುತ್ತದೆ, ಮುಖದ ಬಣ್ಣ ಸುಣ್ಣದಂತೆ ಕಾಣುತ್ತದೆ.

ಹಂತ 5: ಕರೆಯಬೇಡಿ

"ಇಲ್ಲಿ ನೋಡು ಮಗಾ, ನಗು!" ಅಂದರೆ ಹಲ್ಲು ಕಾಣುತ್ತದೆ, ನಗು ಕಾಣುವುದಿಲ್ಲ. ವೇದಿಕೆ ಬಿಡಿ, ಅದರ ಮೆಟ್ಟಿಲ ಹತ್ತಿರ ಹೋಗಿ. ಸ್ಪರ್ಧೆ ಮುಗಿದು ಕಿರೀಟ ಓರೆಯಾಗಿ, ಕಚ್ಚೆ ಸಡಿಲವಾಗಿ, ಒಂದು ಕೈಯಲ್ಲಿ ಕೊಳಲು, ಇನ್ನೊಂದರಲ್ಲಿ ಐಸ್‌ಕ್ಯಾಂಡಿ ಹಿಡಿದು ಕೂತಿರುತ್ತಾನಲ್ಲ, ಆಗ ಒಂದರ ಹಿಂದೊಂದು ಪಟಪಟ ತೆಗೆಯುವ ಬರ್ಸ್ಟ್‌ನಲ್ಲಿ ಹತ್ತು ಹೊಡೆಯಿರಿ.

ಅವತ್ತು ರಾತ್ರಿಯೇ ಒಂದೊಂದನ್ನೂ ದೊಡ್ಡದು ಮಾಡಿ ಕಣ್ಣು ನೋಡಿ. ರೆಪ್ಪೆಯ ಕೂದಲು ಕಂಡರೆ ಇಟ್ಟುಕೊಳ್ಳಿ, ಉಳಿದದ್ದು ಅಳಿಸಿ. ಪಕ್ಕದ ಕೃಷ್ಣನೂ ಫೋಟೊದಲ್ಲಿ ಬಂದಿದ್ದರೆ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವ ಮೊದಲು ಅವನ ಅಮ್ಮನನ್ನು ಒಂದು ಮಾತು ಕೇಳಿ.