ಹೊರದೇಶದಲ್ಲಿ ಫಿಸಿಕ್ಸ್ ಮಾಸ್ಟರ್ಸ್: ಎಲ್ಲಿಂದ ಶುರು ಮಾಡಬೇಕು?

ಫಿಸಿಕ್ಸ್‌ನಲ್ಲಿ ಮಾಸ್ಟರ್ಸ್ ಮಾಡಲು ಹೊರದೇಶಕ್ಕೆ ಹೋಗಬೇಕು ಅಂದುಕೊಂಡವರು ಮೊದಲು ನೋಡುವುದು ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಪಟ್ಟಿ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಓದಿನಲ್ಲಿ ಮುಂದೆ ಕೈಹಿಡಿಯುವುದು ನೀವು ಯಾರ ಗುಂಪಿನಲ್ಲಿ, ಯಾವ ವಿಷಯದ ಮೇಲೆ, ಎಷ್ಟು ತಿಂಗಳು ಕೂತು ಥೀಸಿಸ್ ಮಾಡಿದಿರಿ ಅನ್ನುವುದು. ಹುಡುಕಾಟವೂ ಅಲ್ಲಿಂದಲೇ ಶುರುವಾಗಲಿ.

ಪಿಎಚ್‌ಡಿ ಬೇಕಾ, ಬೇಡವಾ?

ಇದು ಇತ್ಯರ್ಥವಾಗದೆ ದೇಶ ಆರಿಸಬೇಡಿ. ಅಮೆರಿಕದ ಫಿಸಿಕ್ಸ್ ವಿಭಾಗಗಳು ಬಹುಪಾಲು ಪದವಿ ಮುಗಿಸಿದವರನ್ನು ನೇರವಾಗಿ ಪಿಎಚ್‌ಡಿಗೇ ತೆಗೆದುಕೊಳ್ಳುತ್ತವೆ. ಅವರಿಗೆ ಫೀಸು ಮನ್ನಾ, ಜೊತೆಗೆ ಪಾಠ ಹೇಳುವ ಅಥವಾ ಲ್ಯಾಬ್ ಕೆಲಸಕ್ಕೆ ಸ್ಟೈಪೆಂಡ್. ಅಲ್ಲಿ ಬರೀ ಮಾಸ್ಟರ್ಸ್‌ಗೆ ಸೇರಿದರೆ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆ ಮೇಲೆ. ಹಾಗಾಗಿ ಪಿಎಚ್‌ಡಿ ಮಾಡುವುದು ಖಚಿತ, ಅದೂ ಅಮೆರಿಕದಲ್ಲೇ ಅನ್ನುವವರು ನೇರವಾಗಿ ಅದಕ್ಕೇ ಅರ್ಜಿ ಹಾಕಿ.

ಯುರೋಪಿನ ಲೆಕ್ಕ ಬೇರೆ. ಅಲ್ಲಿ ಹೆಚ್ಚಿನ ಕಡೆ ಮಾಸ್ಟರ್ಸ್ ಇಲ್ಲದೆ ಪಿಎಚ್‌ಡಿ ಬಾಗಿಲು ತೆರೆಯುವುದಿಲ್ಲ. ಜರ್ಮನಿಯಲ್ಲಿ 2 ವರ್ಷ, 120 ಇಸಿಟಿಎಸ್ ಕ್ರೆಡಿಟ್ (ಓದಿನ ಹೊರೆ ಅಳೆಯುವ ಯುರೋಪಿನ ಲೆಕ್ಕ), ಅದರಲ್ಲಿ ಎರಡನೇ ವರ್ಷ ಸಾಮಾನ್ಯವಾಗಿ ಪೂರ್ತಿ ಸಂಶೋಧನೆಗೇ ಮೀಸಲು. ನನ್ನ ಕೇಳಿದರೆ ಇನ್ನೂ ಯಾವ ಶಾಖೆ ಅಂತ ಗಟ್ಟಿಯಾಗದವರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಸಿಗುವುದು ಕಷ್ಟ, ಮೊದಲ ವರ್ಷ ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಿ ಆಮೇಲೆ ಗುಂಪು ಆರಿಸಿಕೊಳ್ಳಬಹುದಲ್ವಾ? ಬ್ರಿಟನ್‌ನಲ್ಲಿ ಎಂಎಸ್‌ಸಿ ಸಾಮಾನ್ಯವಾಗಿ 1 ವರ್ಷ, ಪುರುಸೊತ್ತೇ ಇರುವುದಿಲ್ಲ, ಫೀಸೂ ಜಾಸ್ತಿ. ಕೆನಡಾದಲ್ಲಿ ಸಂಶೋಧನೆಯ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಸ್ಟೈಪೆಂಡ್ ಇರುತ್ತದೆ, ಆದರೆ ಹೆಚ್ಚಿನ ಕಡೆ ಒಬ್ಬ ಪ್ರೊಫೆಸರ್ ನಿಮ್ಮ ಗೈಡ್ ಆಗಲು ಒಪ್ಪಬೇಕು.

ಗುಂಪು ಹುಡುಕಲು ಆರ್‌ಕೈವ್ ಸಾಕು. 1991ರಿಂದ ನಡೆಯುತ್ತಿರುವ ಈ ತಾಣದಲ್ಲಿ ಫಿಸಿಕ್ಸ್‌ನ ಪೇಪರ್‌ಗಳು ಉಚಿತವಾಗಿ ಸಿಗುತ್ತವೆ. ನಿಮಗೆ ಹಿಡಿಸಿದ ನಾಲ್ಕಾರು ಪೇಪರ್ ತೆಗೆದು, ಬರೆದವರು ಯಾವ ವಿಶ್ವವಿದ್ಯಾಲಯದವರು ಅಂತ ನೋಡಿ. ಅದೇ ನಿಮ್ಮ ಪಟ್ಟಿ.

ದುಡ್ಡಿನ ಮಾತು

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ಹೈಡೆಲ್‌ಬರ್ಗ್, ಫ್ರೈಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯುರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸಬರಿಗೆ ಶುಲ್ಕ ಹಾಕಿದೆ. ಶುಲ್ಕ ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ವೀಸಾಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ಒಂದು ವರ್ಷದ ದುಡ್ಡು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯುರೋ. ಅದು ನಿಮ್ಮದೇ ದುಡ್ಡು, ತಿಂಗಳಿಗೆ 992ರಂತೆ ವಾಪಸ್ ಬರುತ್ತದೆ. ಆದರೆ ಒಟ್ಟಿಗೆ ಹೊಂದಿಸಬೇಕಲ್ಲ, ಅದಕ್ಕೇ ಈ ಲೆಕ್ಕ ಅರ್ಜಿಗೂ ಮೊದಲೇ ಆಗಲಿ.

ಸ್ಕಾಲರ್‌ಶಿಪ್‌ಗೆ ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ನೋಡಿ. ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಓದು, ಆಯ್ಕೆಯಾದರೆ ಫೀಸಿಲ್ಲ, ತಿಂಗಳಿಗೆ 1,400 ಯುರೋ. ಇಟಲಿಯ ಟ್ರಿಯೆಸ್ಟ್‌ನಲ್ಲಿ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿ ಅನ್ನುವ ಫಿಸಿಕ್ಸ್ ಸಂಶೋಧನಾ ಕೇಂದ್ರ ಇದೆ. ಅಲ್ಲಿಯ 1 ವರ್ಷದ ಡಿಪ್ಲೊಮಾ ಮಾಸ್ಟರ್ಸ್ ಪದವಿ ಅಲ್ಲ, ಆದರೆ ಅಭಿವೃದ್ಧಿಶೀಲ ದೇಶಗಳವರಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟು ಪಿಎಚ್‌ಡಿಗೆ ತಯಾರು ಮಾಡುತ್ತದೆ. ಥಿಯರಿ ಕಡೆ ಒಲವಿದ್ದರೆ ಬಿಡಬೇಡಿ.

ಮಾರ್ಕ್ಸ್ ಕಾರ್ಡ್ ಮತ್ತು ಸಿಲೆಬಸ್

ಆಯ್ಕೆ ಸಮಿತಿ ನಾಲ್ಕು ವಿಷಯ ಹುಡುಕುತ್ತದೆ: ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಾಮಿಕ್ಸ್, ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್. ಒಳ್ಳೆ ಮಾರ್ಕ್ಸ್ ಇದ್ದವರಿಗೂ ಇವುಗಳ ಕ್ರೆಡಿಟ್ ಸಾಲದೆ ಸೀಟು ತಪ್ಪಬಹುದು. ಪ್ರತಿ ವಿಷಯಕ್ಕೂ ಏನು ಪಾಠ ಆಯಿತು, ಎಷ್ಟು ಗಂಟೆ, ಯಾವ ಪಠ್ಯಪುಸ್ತಕ ಅಂತ ಒಂದು ದಾಖಲೆ ಮಾಡಿ ಕಾಲೇಜಿನ ಸಹಿ, ಸೀಲು ಹಾಕಿಸಿಕೊಳ್ಳಿ.

ಜರ್ಮನಿಗೆ ನಿಮ್ಮ ಅಂಕ ಬದಲಿಸುವ ಬವೇರಿಯನ್ ಸೂತ್ರ ಸುಲಭ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠಕ್ಕೂ ಪಾಸಿನ ಅಂಕಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 76 ಬಂದಿದ್ದು ಪಾಸಿಗೆ 40 ಇದ್ದರೆ 24 ಭಾಗಿಸು 60, ಅಂದರೆ 0.4. ಕೊನೆಗೆ ಬರುವುದು 2.2. ಅಲ್ಲಿ 1.0 ಅತ್ಯುತ್ತಮ, 4.0 ಪಾಸು.

ಫಿಸಿಕ್ಸ್ ಜಿಆರ್‌ಇಯನ್ನು ಈಗ ಎಲ್ಲರೂ ಕೇಳುವುದಿಲ್ಲ. 2023ರಿಂದ ಅದು ಕಂಪ್ಯೂಟರ್‌ನಲ್ಲಿ 2 ಗಂಟೆಯ ಪರೀಕ್ಷೆ. ಕೇಳದ ಕಡೆಗೆ ಸುಮ್ನೆ ದುಡ್ಡು ಕಟ್ಟಬೇಡಿ.

ಎಸ್‌ಒಪಿ ಮತ್ತು ರೆಕಮೆಂಡೇಶನ್

ಎಸ್‌ಒಪಿ ಅಂದರೆ ಈ ಓದು ಯಾಕೆ ಬೇಕು ಅಂತ ನೀವೇ ಬರೆಯುವ ಪತ್ರ. ಇಲ್ಲೇ ಜಾಸ್ತಿ ಸಮಯ ಕೊಡಿ. ‘ಚಿಕ್ಕಂದಿನಿಂದ ನಕ್ಷತ್ರಗಳೆಂದರೆ ಆಸೆ’ ಅಂತ ಶುರುವಾಗುವ ಪತ್ರಗಳನ್ನು ಆಯ್ಕೆ ಮಾಡುವವರು ರಾಶಿ ರಾಶಿ ಓದಿರುತ್ತಾರೆ. ಅದರ ಬದಲು ನೀವು ಕೈಯಾರೆ ಮಾಡಿದ ಒಂದು ಕೆಲಸ ಹೇಳಿ. ಮ್ಯೂಯಾನ್ ಅನ್ನುವ ಕಣದ ಜೀವಿತಾವಧಿಯನ್ನು ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಬಳಸಿ ಅಳೆದಿದ್ದೀರಿ ಅನ್ನಿ. ‘ಪ್ರಯೋಗ ಯಶಸ್ವಿಯಾಯಿತು’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ನಿರ್ವಾತದಲ್ಲಿನ ಮೌಲ್ಯ 2.197 ಮೈಕ್ರೋಸೆಕೆಂಡ್, ನಮಗೆ ಬಂದದ್ದು ಅದಕ್ಕಿಂತ ಕಡಿಮೆ. ಸಿಂಟಿಲೇಟರ್‌ನ ಕಾರ್ಬನ್ ನ್ಯೂಕ್ಲಿಯಸ್‌ಗಳು ಋಣ ಮ್ಯೂಯಾನ್‌ಗಳಲ್ಲಿ ಕೆಲವನ್ನು ಸೆರೆಹಿಡಿಯುವುದು ಇದಕ್ಕೆ ಒಂದು ಕಾರಣ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಡೇಟಾ ಮತ್ತೆ ಫಿಟ್ ಮಾಡಿದೆವು’ ಅಂತ ಬರೆದರೆ, ಓದುವ ಪ್ರೊಫೆಸರ್‌ಗೆ ನಿಮ್ಮ ತಲೆ ಹೇಗೆ ಓಡುತ್ತದೆ ಅಂತ ಕಾಣಿಸುತ್ತದೆ. ಆಮೇಲೆ ಅಲ್ಲಿಯ ಯಾವ ಗುಂಪು, ಯಾಕೆ ಅಂತ ಒಂದು ಪ್ಯಾರಾ.

ರೆಕಮೆಂಡೇಶನ್ ಲೆಟರ್‌ಗೆ ದೊಡ್ಡ ಹುದ್ದೆಯವರ ಹಿಂದೆ ಓಡಬೇಡಿ. ನಿಮ್ಮ ಪ್ರಾಜೆಕ್ಟ್ ಹತ್ತಿರದಿಂದ ನೋಡಿದ ಮೇಷ್ಟ್ರು ಬರೆದದ್ದಕ್ಕೇ ತೂಕ. ಕನಿಷ್ಠ ಒಂದೂವರೆ ತಿಂಗಳು ಮೊದಲೇ ಕೇಳಿ, ಜೊತೆಗೆ ನಿಮ್ಮ ರಿಪೋರ್ಟು, ಕೊನೆಯ ದಿನಾಂಕಗಳ ಪಟ್ಟಿ ಕೊಡಿ. ಅಮೆರಿಕದ ಗಡುವು ಹೆಚ್ಚಾಗಿ ಡಿಸೆಂಬರ್ ಆಸುಪಾಸು, ಯುರೋಪಿನದು ಒಂದೊಂದು ಕಡೆ ಒಂದೊಂದು.

ಸೀಟು ಸಿಕ್ಕ ಮೇಲೆ

ಪತ್ರ ಕೈಗೆ ಬಂದ ದಿನವೇ ವೀಸಾ ಅಪಾಯಿಂಟ್‌ಮೆಂಟ್, ಹಾಸ್ಟೆಲ್ ಅರ್ಜಿ ಎರಡೂ ಹಾಕಿ. ಹೋದ ಮೊದಲ ಸೆಮಿಸ್ಟರ್‌ನಲ್ಲೇ ಗುಂಪುಗಳ ಸೆಮಿನಾರ್‌ಗೆ ಹೋಗಿ ಹಿಂದೆ ಕೂತುಕೊಳ್ಳಿ, ಅರ್ಧ ಅರ್ಥವಾಗದಿದ್ದರೂ ಪರವಾಗಿಲ್ಲ. ಜರ್ಮನಿಯಲ್ಲಿ ವಿಭಾಗದೊಳಗೇ ‘ಹಿವಿ’ ಅನ್ನುವ ಸಹಾಯಕರ ಕೆಲಸ ಸಿಗುತ್ತದೆ: ಲ್ಯಾಬ್ ನೋಡಿಕೊಳ್ಳುವುದು, ಕೋಡ್ ಬರೆಯುವುದು, ಹೋಮ್‌ವರ್ಕ್ ತಿದ್ದುವುದು. ಹೊರಗಿನ ಪಾರ್ಟ್‌ಟೈಮ್ ಕೆಲಸಕ್ಕಿಂತ ಇದನ್ನೇ ಮೊದಲು ಕೇಳಿ. ಆ ಗುಂಪಿನವರು ಹೇಗೆ ಕೆಲಸ ಮಾಡುತ್ತಾರೆ, ವಿದ್ಯಾರ್ಥಿಗಳಿಗೆ ಎಷ್ಟು ಸಮಯ ಕೊಡುತ್ತಾರೆ ಅಂತ ಥೀಸಿಸ್‌ಗೆ ಹೆಸರು ಕೊಡುವ ಮೊದಲೇ ಗೊತ್ತಾಗುತ್ತದೆ.