ಮೊಬೈಲಿನಲ್ಲಿ ಸಾವಿಗೆ ದೂಡಿದವರ ಮೇಲೆ ದೂರು ಕೊಡುವುದು ಹೇಗೆ

'ನೀನು ಸತ್ತರೇ ಎಲ್ಲರಿಗೂ ಒಳ್ಳೇದು' ಅಂತ ವಾಟ್ಸ್‌ಆ್ಯಪಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಮನೆಯವರಿಗೆ ಮೆಸೇಜು ಬರುತ್ತಿದ್ದರೆ ಠಾಣೆಯ ಕೆಲಸ ಆಮೇಲೆ. ಮೊದಲು ಆ ಜೀವವನ್ನು ಒಂಟಿಯಾಗಿ ಬಿಡಬೇಡಿ. ಸಾಯುವ ಯೋಚನೆ ಬರ್ತಿದೆಯಾ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಕೈಮೀರುವಂತಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಯತ್ನ ನಡೆದಿದ್ದರೂ ಕೇಸಿಗೆ ಹೆದರಿ ಮುಚ್ಚಿಡಬೇಡಿ. ಯತ್ನವನ್ನೇ ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಂ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಪ್ರಾಣ ಹೋಗಿದ್ದರೆ, ಪ್ರಚೋದಿಸಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ ಬರುತ್ತದೆ: 10 ವರ್ಷದವರೆಗೆ ಜೈಲು, ದಂಡ. 18 ತುಂಬದವರಾಗಿದ್ದರೆ 107ನೇ ಕಲಂ, ಅದರಲ್ಲಿ ಜೀವಾವಧಿ, ಮರಣದಂಡನೆಯವರೆಗೂ ಅವಕಾಶವಿದೆ. ಬದುಕುಳಿದಿದ್ದರೆ 108 ಹಾಕಲು ಬರುವುದಿಲ್ಲ. ಬೆದರಿಕೆಗೆ 351, ಹೆಣ್ಣುಮಕ್ಕಳ ಬೆನ್ನುಬಿದ್ದಿದ್ದರೆ 78, ಅಶ್ಲೀಲ ಫೋಟೊ ಹರಿಬಿಟ್ಟಿದ್ದರೆ ಐಟಿ ಕಾಯ್ದೆಯ 67 ಕೇಳಿ.

ಇಂಥ ಕೇಸುಗಳು ಬೀಳುವುದು ಒಂದೇ ಜಾಗದಲ್ಲಿ. ಸಿಟ್ಟಿನಲ್ಲಿ ಒಮ್ಮೆ 'ಹೋಗಿ ಸಾಯಿ' ಎಂದದ್ದು ಪ್ರಚೋದನೆ ಆಗದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಸಂಜು ಪ್ರಕರಣದಲ್ಲಿ ಹೇಳಿದೆ. ಉದ್ದೇಶ ಕಾಣಬೇಕು, ಬೆನ್ನುಬಿದ್ದು ದೂಡಿದ ಸರಣಿ ಕಾಣಬೇಕು. ಆ ಸರಣಿ ಇರುವುದು ಮೊಬೈಲಿನಲ್ಲಿ, ಅದನ್ನು ಮನೆಯವರೇ ಗೊತ್ತಿಲ್ಲದೆ ಹಾಳು ಮಾಡುತ್ತಾರೆ.

ಮೊಬೈಲ್ ಸಿಕ್ಕ ಕೂಡಲೇ ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ ಆರಿಸಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದವನು ಸುಮಾರು ಎರಡು ದಿನದವರೆಗೆ 'ಎಲ್ಲರಿಗೂ ಡಿಲೀಟ್' ಮಾಡಬಲ್ಲ. ನೆಟ್ ಇಲ್ಲದ ಫೋನಿಗೆ ಆ ಅಳಿಸುವಿಕೆ ತಲುಪದು. ತಾನಾಗಿ ಮಾಯವಾಗುವ ಮೆಸೇಜು ಆನ್ ಇದ್ದರೆ 24 ಗಂಟೆ, 7 ದಿನ ಅಥವಾ 90 ದಿನದ ಗಡುವು ಫ್ಲೈಟ್ ಮೋಡ್‌ನಲ್ಲೂ ಓಡುತ್ತಿರುತ್ತದೆ. ಹಾಗಾಗಿ ಇನ್ನೊಂದು ಫೋನಿನಿಂದ ಪರದೆಯ ವಿಡಿಯೊ ಮಾಡಿ: ಮೊದಲು ಕಳಿಸಿದವನ ಪ್ರೊಫೈಲ್ ತೆರೆದು ನಂಬರ್ ಕಾಣುವಂತೆ ತೋರಿಸಿ (ಸೇವ್ ಮಾಡಿದ ಹೆಸರಷ್ಟೇ ಇದ್ದರೆ ಸಾಲದು), ಆಮೇಲೆ ದಿನಾಂಕ ಕಾಣುವಂತೆ ಮೇಲಿಂದ ಕೆಳಕ್ಕೆ ನಿಧಾನವಾಗಿ ಸರಿಸಿ. ತಮ್ಮವರು ಕೊಟ್ಟ ಉತ್ತರವನ್ನೂ ಬಿಡಬೇಡಿ. ಲಾಕ್ ಇದ್ದರೆ ಅಂದಾಜಿನ ಪಾಸ್‌ವರ್ಡ್ ಒತ್ತಬೇಡಿ, ಮೊಬೈಲ್ ಅಂಗಡಿಗಂತೂ ಒಯ್ಯಲೇಬೇಡಿ. ಅಲ್ಲಿ ಲಾಕ್ ತೆಗೆಯುವುದೆಂದರೆ ಬಹುಪಾಲು ರಿಸೆಟ್, ರಿಸೆಟ್ ಆದರೆ ಸಾಕ್ಷಿ ಮುಗಿಯಿತು. ಸಿಮ್ಮಿನ ರೀಚಾರ್ಜ್ ನಿಲ್ಲಿಸಬೇಡಿ. ನಂಬರ್ ಬಂದಾದರೆ ಬೇರೆಯವರ ಪಾಲಾದೀತು.

ಪ್ರಿಂಟ್ ಹಾಕಿಸಿದ ಸ್ಕ್ರೀನ್‌ಶಾಟ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅಸಲಿ ಫೋನೇ ಕೈಯಲ್ಲಿರುವುದು ಎಲ್ಲಕ್ಕಿಂತ ಭದ್ರ. ಪೊಲೀಸರು ವಶಕ್ಕೆ ಪಡೆಯುವಾಗ ಐಎಂಇಐ ನಂಬರ್ (ಪ್ರತಿ ಫೋನಿನ ಗುರುತಿನ ಸಂಖ್ಯೆ) ಪಂಚನಾಮೆಯಲ್ಲಿ ಬರೆದಿದ್ದಾರೆಯೇ ನೋಡಿ. ಡಬ್ಬದ ಮೇಲೆ ಅದು ಇರುತ್ತದೆ, *#06# ಒತ್ತಿದರೂ ಬರುತ್ತದೆ.

ದೂರಿನಲ್ಲಿ 'ನನ್ನ ಮಗಳಿಗೆ ಹಿಂಸೆ ಕೊಟ್ಟ' ಎಂದಷ್ಟೇ ಬರೆದರೆ ಪೊಲೀಸರಿಗೆ ಹಿಡಿಯಲು ಎಳೆ ಸಿಗದು. 'ಇಂಥ ದಿನ ರಾತ್ರಿ 11.40ರಿಂದ 12.25ರ ತನಕ ಈ ನಂಬರಿನಿಂದ 14 ಮೆಸೇಜು. ಬೇಡ ಎಂದು ಮಗಳು ಮೂರು ಸಲ ಬೇಡಿಕೊಂಡಳು. ನಾಲ್ಕನೆಯದರಲ್ಲಿ ಹೀಗೆ ಬರೆದ' ಎಂದು ಅವನ ಮಾತನ್ನೇ ಇದ್ದ ಹಾಗೆ ಬರೆಯಿರಿ. ನಿಮ್ಮ ಊಹೆಯನ್ನು ಬೆರೆಸಬೇಡಿ. ಒಂದು ಸುಳ್ಳು ಸಿಕ್ಕರೆ ನಿಜವನ್ನೂ ಅಲ್ಲಗಳೆಯುತ್ತಾರೆ.

ಜಗಳೂರಿನಲ್ಲಿರಲಿ ಹಿರಿಯೂರಿನಲ್ಲಿರಲಿ, ಹತ್ತಿರದ ಠಾಣೆಗೇ ಹೋಗಿ. ಕಳಿಸಿದವನು ಬೇರೆ ರಾಜ್ಯದವನಾದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಕಲಮಿನಂತೆ ಝೀರೋ ಎಫ್‌ಐಆರ್ (ವ್ಯಾಪ್ತಿ ಯಾವ ಠಾಣೆಯದ್ದಾದರೂ ಬರೆದುಕೊಳ್ಳುವ ಎಫ್‌ಐಆರ್) ದಾಖಲಿಸಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ಹೋಗಬಹುದು. ಎಫ್‌ಐಆರ್ ಮಾಡದೆ ಯುಡಿಆರ್ (ಅಸಹಜ ಸಾವಿನ ವರದಿ) ಮಾತ್ರ ಬರೆದು ಕಳಿಸಿದರೆ ಎಸ್‌ಪಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ದೂರು ಹಾಕಿ, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ವಕೀಲರಿಗೆ ದುಡ್ಡಿಲ್ಲವೆಂದು ಕೈಬಿಡಬೇಡಿ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ನಂಬರ್ 15100.